ಗೇಟು ತೆಗೆಯುವ ಹೊತ್ತಿನ ಓದು

ಕಳೆದ ತಿಂಗಳು ಚಾಮರಾಜನಗರದ ಪೇಟೆಯಲ್ಲಿ ಒಂದು ಹಿಟ್ಟಿನ ಮಿಲ್ಲಿನ ಮುಂದೆ ನಿಂತು ಏಳು ಸಲ ಸೀನಿದೆ. ಒಳಗೆ ಯಾರದೋ ಮನೆಯ ಸಾರಿನಪುಡಿ ಬೀಸುತ್ತಿದ್ದರು. ಏಳೇ ಸಲವೋ ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ಏಳು ಎಂದು ಬರೆದರೆ ಎಣಿಸಿದ ಹಾಗೆ ಕಾಣುತ್ತದೆ, ಅಷ್ಟೆ. ನನ್ನ ನೆನಪಿಗೆ ಈ ಚಾಳಿ ಇದೆ. ಮೊದಲು ಒಂದು ಸಂಖ್ಯೆ ಕೊಡುತ್ತದೆ, ಆಮೇಲೆ ನಂಬು ಎನ್ನುತ್ತದೆ.

ಆ ಮಿಲ್ಲಿನ ಮೇಲೆ ಒಂದು ರೂಮಿದೆ. ಒಂದು ಮಳೆಗಾಲ ಪೂರ್ತಿ, ಅದರ ಹಿಂದೆ ಮುಂದೆ ಕೆಲವು ತಿಂಗಳು, ನಾವು ಒಂದಷ್ಟು ಜನ ಅಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿದ್ದೆವು. ಮೆಟ್ಟಿಲು ಹತ್ತಿ ನೋಡಿದೆ. ಮದುವೆಮನೆಗಳಿಗೆ ಕೊಡುವ ಪ್ಲಾಸ್ಟಿಕ್ ಕುರ್ಚಿಗಳನ್ನು ಸೂರಿನವರೆಗೆ ಪೇರಿಸಿದ್ದರು. ಮನಸ್ಸು ಕಲಕಿತು ಎಂದು ಬರೆಯಬೇಕಾದ ಜಾಗ ಇದು. ಕಲಕಲಿಲ್ಲ. ಇನ್ನೊಮ್ಮೆ ಸೀನಿ ಕೆಳಗಿಳಿದೆ. ಬಸ್ಸು ಹತ್ತಿ, ಗುಂಡ್ಲುಪೇಟೆಗೆ ಇನ್ನೂ ಅರ್ಧ ದಾರಿ ಇರುವಾಗ, ಆ ವರ್ಷ ತಾನಾಗಿ ಬಂದು ಪಕ್ಕದಲ್ಲಿ ಕೂತಿತು.

ನಾನು ಹುಟ್ಟಿದ್ದು ಉಡಿಗಾಲದಲ್ಲಿ. ಯಾವಾಗ ಎಂಬುದಕ್ಕೆ ಎರಡು ಉತ್ತರಗಳಿವೆ. ಅಣ್ಣನನ್ನು ಸ್ಕೂಲಿಗೆ ಸೇರಿಸಲು ಹೋದ ದಿನ ಅಪ್ಪ ನನ್ನನ್ನೂ ಕೈ ಹಿಡಿದು ಕರೆದುಕೊಂಡು ಹೋಗಿ, "ಇವ್ಳ್ಗೂ ಆರ್ ತುಂಬ್ಯದ, ಬರ್ಕಳಿ ಮೇಷ್ಟ್ರೆ. ಅಣ್ಣ ತಂಗಿ ಜತ್ಗೇ ಓಗ್ಲಿ" ಅಂದರಂತೆ. ತುಂಬಿದ್ದು ನಾಲ್ಕೂವರೆ. ಹೀಗಾಗಿ ಕಾಗದದ ಮೇಲೆ ನಾನು ನನಗಿಂತ ಒಂದೂವರೆ ವರ್ಷ ದೊಡ್ಡವಳು. ಬಹಳ ವರ್ಷ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ ಆಯಿತು. ಅರ್ಜಿಯ ಕೊನೆಯ ದಿನಕ್ಕೆ ನನ್ನ ವಯಸ್ಸು ಮಿತಿಯೊಳಗೆ ಹತ್ತೊಂಬತ್ತು ದಿನ ಉಳಿದುಕೊಂಡಿತ್ತು. ಹಿಂದೆ ಬೇರೆ ಬೇರೆ ಹುದ್ದೆಗಳಿಗೆ ಎರಡು ಸಲ ಬರೆದು ಕೈತಪ್ಪಿತ್ತು. ಮೂರನೆಯದು ಇದು. ನಾಲ್ಕನೆಯದು ಇರಲಿಲ್ಲ.

ಆ ಕೆಲಸ ಯಾಕೆ ಬೇಕಿತ್ತು ಎಂದರೆ, ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯ ಎದುರು ಒಂದು ಟೈಪಿಂಗ್ ಅಂಗಡಿಯಲ್ಲಿ ಹತ್ತು ವರ್ಷ ಕೂತು ಬೇರೆಯವರ ಅರ್ಜಿಗಳನ್ನು ಟೈಪ್ ಮಾಡಿದ್ದೆ. ಆ ಅರ್ಜಿಗಳು ರಸ್ತೆ ದಾಟಿ ಒಳಗೆ ಹೋದಮೇಲೆ ಅವಕ್ಕೆ ಏನಾಗುತ್ತದೆ ಎಂದು ನೋಡುವ ಕಡೆ ಒಮ್ಮೆ ಕೂರಬೇಕಿತ್ತು. ದೊಡ್ಡ ಕಾರಣವೇನಲ್ಲ. ನನಗೆ ಸಾಕಾಗಿತ್ತು.

ಅಂಗಡಿ ಬಿಟ್ಟೆ. ಫೋನಿನಲ್ಲಿ ಯಾರೋ ರ‍್ಯಾಂಕ್ ಬಂದವರು ಹೇಳಿದ ಟೈಮ್‌ಟೇಬಲ್ಲನ್ನು ಮಗಳ ಡ್ರಾಯಿಂಗ್ ಶೀಟಿನ ಮೇಲೆ ಮೂರು ಬಣ್ಣದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ದಿನಕ್ಕೆ ಹದಿಮೂರು ಗಂಟೆ ಓದು. ಅತ್ತೆಗೆ ಓದಲು ಬರುವುದಿಲ್ಲ. ಏಳನೇ ಕ್ಲಾಸಿನ ಮೊಮ್ಮಗಳ ಕೈಲಿ ಪೂರ್ತಿ ಓದಿಸಿಕೊಂಡು ಕೇಳಿದರು.

"ಇದೇನಮ್ಮಿ, ಬಸ್‌ಸ್ಟ್ಯಾಂಡ್ ಬೋರ್ಡ್ ತಂದು ಗೋಡ್ಗೆ ಅಂಟ್ಸ್ಬುಟ್ಟಿದ್ದೀಯ? ಮುದ್ದೆ ತಿರ್ವೋದು ಎಷ್ಟ್ ಗಂಟ್ಗೆ ಅಂತ ಬರ್ದೇ ಇಲ್ವಲ್ಲ. ಅದೇ ತಿರೀಕತದಾ?"

ಮೂರನೇ ದಿನಕ್ಕೆ ಆ ಹಾಳೆ ಸೋತಿತು. ನಲ್ಲಿ ನೀರು ಬಂತು, ನೆಂಟರು ಬಂದರು, ಮಗಳಿಗೆ ಜ್ವರ ಬಂತು. ಇವು ಯಾವುದಕ್ಕೂ ಹಾಳೆಯಲ್ಲಿ ಬಣ್ಣವಿರಲಿಲ್ಲ.

ಕೊನೆಗೆ ನನಗೆ ಟೈಮ್‌ಟೇಬಲ್ ಕೊಟ್ಟದ್ದು ಬಂಡೀಪುರದ ಗೇಟು. ನನ್ನ ಗಂಡ ಮಾದೇಶ ತರಕಾರಿ ತುಂಬಿದ ಪಿಕಪ್ ಓಡಿಸಿಕೊಂಡು ಕಾಡು ದಾಟಿ ಕೇರಳಕ್ಕೆ ಹೋಗಿ ಬರುತ್ತಾರೆ. ರಾತ್ರಿ ಕಾಡಿನ ರಸ್ತೆ ಮುಚ್ಚಿರುತ್ತದೆ, ಬೆಳಿಗ್ಗೆ ಆರಕ್ಕೆ ತೆಗೆಯುತ್ತಾರೆ. ಸಾಲಿನಲ್ಲಿ ಮುಂದಿರಬೇಕಾದರೆ ಅವರು ಐದಕ್ಕೆ ಮನೆ ಬಿಡಬೇಕು. ಅವರಿಗೆ ಟೀ ಕಾಯಿಸಲು ನಾನು ಮದುವೆಯಾದಾಗಿನಿಂದ ನಾಲ್ಕೂವರೆಗೆ ಏಳುತ್ತಿದ್ದೆ, ಅವರು ಹೋದಮೇಲೆ ಮತ್ತೆ ಮಲಗುತ್ತಿದ್ದೆ. ಆ ಮಲಗುವುದನ್ನು ಬಿಟ್ಟೆ. ಐದರಿಂದ ಆರು ಓದು. ಆರರಿಂದ ಏಳೂವರೆ ಒಂದು ಮಾದರಿ ಪ್ರಶ್ನೆಪತ್ರಿಕೆ, ನೂರು ಪ್ರಶ್ನೆ. ಕಾಡಿನ ಆಚೆ ಕಡೆಯಿಂದ ಮೊದಲ ಬಸ್ಸು ನಮ್ಮ ಮನೆ ಮುಂದೆ ಹಾದುಹೋಗುವಾಗ ಪೆನ್ಸಿಲ್ ಕೆಳಗಿಡಬೇಕು. ಅತ್ತೆ ತಾವೇ ಬಾಗಿಲಲ್ಲಿ ಮೊರ ಇಟ್ಟುಕೊಂಡು ಕಾವಲಿಗೆ ಕೂತರು. ನಾನು ನೀರು ಕುಡಿಯಲು ಎದ್ದರೂ ಬಿಡುತ್ತಿರಲಿಲ್ಲ.

"ಬಸ್ ಓಗಿಲ್ಲ ಇನ್ನೂವ. ಕೂತ್ಕೊ."

ವಾರಕ್ಕೆ ಮೂರು ದಿನ ಮನೆ ಕೆಲಸ ಮುಗಿಸಿ ಚಾಮರಾಜನಗರದ ರೂಮಿಗೆ ಹೋಗುತ್ತಿದ್ದೆ. ನಸ್ರೀನ್ ಸಿಕ್ಕಿದ್ದು ಆ ಬಸ್ಸಿನಲ್ಲೇ. ಗುಂಡ್ಲುಪೇಟೆಯ ಹೈವೇ ಪಕ್ಕದಲ್ಲಿ ಲಾರಿ ಬಸ್ಸುಗಳ ಸೀಟು ಹೊಲಿಯುವವರ ಮಗಳು, ಇಪ್ಪತ್ತನಾಲ್ಕು ವರ್ಷ. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಬಂದು ಪಕ್ಕದಲ್ಲಿ ಕೂತಳು.

"ಅಕ್ಕ, ಆ ಸೀಟಲ್ಲಿ ಸ್ಪ್ರಿಂಗ್ ಚುಚ್ಚುತ್ತೆ, ಈ ಕಡೆ ಬಾ. ಇದು ನಮ್ಮ ಅಬ್ಬಾ ಹೊಲ್ದಿರೋದು. ಕೂತ್ರೆ ನಿದ್ದೆ ಬರುತ್ತೆ, ಅದೊಂದೇ ತೊಂದ್ರೆ."

ರೂಮಿಗೆ ಒಂದು ಪದ್ಧತಿ ಇತ್ತು. ಕೆಲಸ ಸಿಕ್ಕಿದವರು ತಮ್ಮ ಪುಸ್ತಕಗಳನ್ನು ಅಲ್ಲೇ ಬಿಟ್ಟು ಹೋಗಬೇಕು. ಅದಕ್ಕಾಗಿಯೇ ನಾವೆಲ್ಲ ಪೆನ್ಸಿಲ್ಲಿನಲ್ಲಿ ಮಾತ್ರ ಗುರುತು ಮಾಡಿ, ಹೋಗುವಾಗ ರಬ್ಬರಿನಿಂದ ಅಳಿಸಿ ಇಡುತ್ತಿದ್ದೆವು. ಕೆಲಸ ಸಿಕ್ಕಿದವರ ಪುಸ್ತಕ ಎಂದರೆ ಕೈಗುಣದ ಪುಸ್ತಕ. ಅದಕ್ಕೆ ಜಗಳಗಳಾಗುತ್ತಿದ್ದವು. ಜಗಳ ಬೇಡ ಎಂದು ಯಾರೋ ಹಿಂದಿನವರು ನಿಯಮ ಮಾಡಿದ್ದರು, ವಯಸ್ಸಿನ ಮಿತಿಗೆ ಹತ್ತಿರ ಇರುವವರಿಗೆ ಮೊದಲು. ಆ ಸಲ ನನಗಿಂತ ಹತ್ತಿರ ಯಾರೂ ಇರಲಿಲ್ಲ. ಹಿಂದಿನ ವರ್ಷ ಕೆಲಸ ಸಿಕ್ಕಿ ಹೋಗಿದ್ದ ಒಬ್ಬ ಹುಡುಗಿಯ ಮಾದರಿ ಪ್ರಶ್ನೆಪತ್ರಿಕೆಗಳ ದಪ್ಪ ಪುಸ್ತಕ ನನ್ನ ಪಾಲಿಗೆ ಬಂತು. ಆಕೆಯನ್ನು ನಾನು ನೋಡಿಲ್ಲ. ಎಲ್ಲ ಗುರುತುಗಳನ್ನೂ ಎಷ್ಟು ಒಪ್ಪವಾಗಿ ಅಳಿಸಿದ್ದಳೆಂದರೆ ಪುಟಗಳು ಹೊಸ ಪುಸ್ತಕದವುಗಳಂತೆ ಇದ್ದವು. ಮನೆಗೆ ತಂದ ದಿನ ಅತ್ತೆ ಅದನ್ನು ಮಾದಪ್ಪನ ಪಟದ ಮುಂದಿಟ್ಟು ವಿಭೂತಿ ಹಚ್ಚಿದರು.

ಜೂನಿನಲ್ಲಿ ಶುರು ಮಾಡಿದೆ. ದಿನದ ಅಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಆ ಕ್ಯಾಲೆಂಡರ್ ಈಗಲೂ ನನ್ನ ಹತ್ತಿರ ಇದೆ, ಹಾಗಾಗಿ ಈ ಸಂಖ್ಯೆಗಳನ್ನು ನೀವು ನಂಬಬಹುದು. ಜೂನಿನಲ್ಲಿ ನಲವತ್ತೆಂಟು, ಐವತ್ತೊಂದು. ಜುಲೈ ತುಂಬ ಮೋಡ, ಜಿಟಿಜಿಟಿ ಮಳೆ, ಐವತ್ತರ ಸುತ್ತಮುತ್ತಲೇ ಸುತ್ತಿತು. ಆಗಸ್ಟಿನ ಕೊನೆಗೆ ಮೋಡ ಹರಿದು, ಹೊಲಗಳಲ್ಲಿ ಚೆಂಡುಹೂ ಅರಳಿ, ಕೇರಳದ ಕಾರುಗಳು ರಸ್ತೆ ಬದಿ ನಿಂತು ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಅರವತ್ತೆಂಟು. ಸೆಪ್ಟೆಂಬರಿನಲ್ಲಿ ಎಪ್ಪತ್ತಾರು, ಎಂಬತ್ತೊಂದು, ಎಂಬತ್ತಮೂರು. ನಡುವೆ ಒಂದೊಂದು ದಿನ ಮಳೆ ಬಂದಾಗ ಮತ್ತೆ ಐವತ್ತೈದು. ಮೋಡವಿದ್ದರೆ ಮನಸ್ಸು ಮಂಕಾಗುತ್ತದೆ ಎಂದುಕೊಂಡೆ. ರೂಮಿನಲ್ಲಿ ಎಲ್ಲರೂ ಸೇರಿ ಬರೆಯುವ ಟೆಸ್ಟಿನಲ್ಲೂ ನನಗೆ ಐವತ್ತೈದೇ ಬರುತ್ತಿತ್ತು. ಅದಕ್ಕೆ ಮಿಲ್ಲಿನ ಸದ್ದು ಕಾರಣ, ಖಾರದ ಘಾಟು ಕಾರಣ ಎಂದುಕೊಂಡೆ. ಕಾರಣಗಳನ್ನು ಹುಡುಕುವುದರಲ್ಲಿ ನಾನು ಚುರುಕಾಗಿದ್ದೆ.

ಪರೀಕ್ಷೆಗೆ ಒಂದೂವರೆ ತಿಂಗಳು ಇರುವಾಗ, ಒಂದು ಭಾನುವಾರ ನಸ್ರೀನ್ ಬೆಳಿಗ್ಗೆಯೇ ನಮ್ಮ ಮನೆಗೆ ಬಂದಳು. ಅಂಕ ಹೇಗೆ ಏರಿತು ಎಂದು ಕಣ್ಣಾರೆ ನೋಡಬೇಕಂತೆ. ನಾನು ದಿನವೂ ಕೂರುವ ಕಡೆ, ಮೂಡಲ ಕಿಟಕಿಯ ಪಕ್ಕ, ಕೂತು ಒಂದು ಪುಟ ನೋಡಿದಳು. ಪುಸ್ತಕವನ್ನು ಎತ್ತಿ ಓರೆ ಹಿಡಿದಳು. ಮತ್ತೆ ಕೆಳಗಿಟ್ಟಳು. ಎಳೆ ಬಿಸಿಲು ಹಾಳೆಯ ಮೇಲೆ ಅಡ್ಡಲಾಗಿ ಬಿದ್ದಿತ್ತು.

"ಅಕ್ಕ, ನಿನ್ನ ಪೆನ್ಸಿಲ್ ಕೊಡಿಲ್ಲಿ."

ಪೆನ್ಸಿಲ್ಲನ್ನು ಮಲಗಿಸಿ, ಉತ್ತರದ ಆಯ್ಕೆಗಳ ಪಕ್ಕದ ಖಾಲಿ ಜಾಗದ ಮೇಲೆ ಮೆಲ್ಲಗೆ ಉಜ್ಜಿದಳು. ಬೂದಿ ಬಣ್ಣದ ನಡುವೆ ಬಿಳಿಯ ಟಿಕ್ ಗುರುತುಗಳು ಒಂದೊಂದಾಗಿ ಎದ್ದವು. ಸೀಸ ಅಳಿಸಿಹೋಗಿತ್ತು, ಪೆನ್ಸಿಲ್ ಒತ್ತಿ ಆದ ಗುಂಡಿ ಹಾಗೇ ಇತ್ತು, ಓರೆ ಬಿಸಿಲಿಗೆ ಕಣ್ಣಿಗೆ ಬೀಳುತ್ತಿತ್ತು. ಪುಟ ತಿರುಗಿಸಿ ಉಜ್ಜಿದಳು. ಅಲ್ಲೂ ಇತ್ತು. ಹಿಂದಿನ ದಿನದ ಪತ್ರಿಕೆಯ ಪುಟಗಳನ್ನೂ ಉಜ್ಜಿ, ನನ್ನ ಉತ್ತರಗಳ ಹಾಳೆ ತೆಗೆದು ಪಕ್ಕದಲ್ಲಿಟ್ಟಳು.

"ಸರಿ ಉತ್ತರ ಇಬ್ಬರದ್ದೂ ಒಂದೇ ಇರಬಹುದು ಅಕ್ಕ. ತಪ್ಪೂ ಒಂದೇ ಇರೋಕಾಗುತ್ತಾ? ನೋಡು, ಹದಿನೇಳು ತಪ್ಪು. ಹದಿನೈದು ಅವಳದ್ದೇ."

ಅದರಲ್ಲಿ ಒಂದು ನೆನಪಿದೆ. ಕಾವೇರಿಯ ಉಪನದಿ ಅಲ್ಲದ್ದು ಯಾವುದು? ಕಬಿನಿ, ಸುವರ್ಣಾವತಿ, ವೇದಾವತಿ, ಶಿಂಷಾ. ಆ ಹುಡುಗಿ ಸುವರ್ಣಾವತಿಗೆ ಟಿಕ್ ಹಾಕಿದ್ದಳು, ನಾನೂ ಹಾಕಿದ್ದೆ. ಚಾಮರಾಜನಗರದ ಸೀಮೆಯಲ್ಲಿ ಹುಟ್ಟಿ, ಆ ಹೊಳೆಯ ಅಣೆಕಟ್ಟಿಗೆ ಚಿಕ್ಕಂದಿನಲ್ಲಿ ಬುತ್ತಿ ಕಟ್ಟಿಕೊಂಡು ಹೋದವಳು ನಾನು. ನನಗೆ ಗೊತ್ತಿದ್ದದ್ದನ್ನು ಬಿಟ್ಟು ಅವಳ ಗುಂಡಿಗೆ ಬಿದ್ದಿದ್ದೆ.

ಬಾಗಿಲಲ್ಲಿದ್ದ ಅತ್ತೆ ಮೊರ ಕೆಳಗಿಟ್ಟರು. "ಏನಾಯ್ತಮ್ಮಿ?"

ನಸ್ರೀನ್ ಹೇಳಿದಳು. ಅತ್ತೆ, "ಮೂರು ತಿಂಗ್ಳಿಂದ ಯಾರ್ದೋ ಎಂಜಲು ತಿಂದಂಗಾಯ್ತಲ್ಲ ದಾಕ್ಸಾಯಣಿ" ಅಂದರು.

ಇಲ್ಲಿ ನಾನು ನಿಲ್ಲಬೇಕು. ನನಗೆ ಗೊತ್ತೇ ಇರಲಿಲ್ಲ ಎಂದು ಆ ದಿನ ಹೇಳಿದೆ. ಆಮೇಲೆ ಎಷ್ಟೋ ಸಲ ಹಾಗೇ ಹೇಳಿದ್ದೇನೆ. ಈಗ ಅದನ್ನು ಬರೆಯಲು ಹೊರಟರೆ ಕೈ ತಡೆಯುತ್ತದೆ. ಕಿಟಕಿಯ ಕಡೆಗೆ ಕುರ್ಚಿ ಎಳೆದುಕೊಂಡದ್ದು ಯಾವಾಗ? ಜೂನಿನಲ್ಲಿ ನಾನು ಬಲ್ಬಿನ ಕೆಳಗೆ ಕೂರುತ್ತಿದ್ದೆ. ಮೋಡ ಹರಿದಮೇಲೆ ಗಾಳಿ ಚೆನ್ನಾಗಿದೆ ಎಂದು ಕುರ್ಚಿ ಎಳೆದುಕೊಂಡೆ. ಗಾಳಿಗಾಗಿಯೇ ಇರಬಹುದು. ಒಂದು ಬೆಳಿಗ್ಗೆ ಪುಟದ ಮೇಲೆ ಏನೋ ಮಿನುಗಿದ್ದನ್ನು ಕಂಡು, ಕಂಡದ್ದನ್ನು ಕಾಣದಂತೆ ಮುಂದಿನ ಪ್ರಶ್ನೆಗೆ ಹೋದ ಒಂದು ಚಿತ್ರವೂ ನನ್ನಲ್ಲಿದೆ. ಅದು ನಿಜವಾಗಿ ಆದದ್ದೋ, ನಾಚಿಕೆ ಆಮೇಲೆ ಬರೆದು ಸೇರಿಸಿದ್ದೋ, ಬಿಡಿಸಿ ಹೇಳಲಾರೆ. ಎರಡರಲ್ಲಿ ಒಂದನ್ನು ಆರಿಸಿಕೊಟ್ಟರೆ ಓದುವವರಿಗೆ ಸುಖ. ಆರಿಸಲಾರೆ.

ಆ ಸಂಜೆ ಮಾದೇಶ ಬಂದಾಗ ಪುಸ್ತಕ ಹಿತ್ತಲಿನ ಸೌದೆಯ ಮೇಲೆ ಬಿದ್ದಿತ್ತು. ಅವರು ಕೈಕಾಲು ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತರು.

"ಬುಡು ಅತ್ಲಾಗೆ. ಸಾಕು ಎಷ್ಟ್ ಒದ್ದಾಡೀಯೆ. ನಾಳಿಂದ ಮಲ್ಕೊ ನೀನು, ಟೀ ನಾನೇ ಕಾಯ್ಸ್ಕತೀನಿ."

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ, ನಿಜವಾದ ಕರುಣೆ ಇತ್ತು. ಚುಚ್ಚಿದ್ದು ಅದೇ. ಅಷ್ಟು ಸುಲಭವಾಗಿ, ಅಷ್ಟು ಪ್ರೀತಿಯಿಂದ ಯಾರಾದರೂ ಬಿಡು ಎಂದರೆ ಬಿಟ್ಟೇಬಿಡಬಹುದು ಎಂದು ಗೊತ್ತಾಗಿ ಹೆದರಿಕೆಯಾಯಿತು. ಮಾರನೇ ದಿನ ನಾಲ್ಕೂವರೆಗೆ ಎದ್ದೆ. ಟೀ ಕಾಯಿಸಿದೆ. ಅವರು ಲೋಟ ಕೈಗೆ ತೆಗೆದುಕೊಂಡು ನನ್ನ ಮುಖ ನೋಡಿದರು. ಪಿಕಪ್ಪಿನ ಸದ್ದು ದೂರವಾದಾಗ ತಿರುಗಿ ನೋಡಿದರೆ ಅತ್ತೆ ಮೊರ ಹಿಡಿದು ಬಾಗಿಲಿಗೆ ಬಂದು ಕೂತಿದ್ದರು.

ಕೂತದ್ದೇನೋ ಆಯಿತು, ಮುಂದೆ ಪುಸ್ತಕವಿರಲಿಲ್ಲ. ಹೊಸ ಪುಸ್ತಕ ತರಬಹುದಿತ್ತು. ನನಗೆ ನನ್ನ ಮೇಲೆಯೇ ನಂಬಿಕೆ ಇರಲಿಲ್ಲ. ಸುಮ್ಮನೆ ಕೂರಲಾರದೆ ಒಂದು ಪ್ರಶ್ನೆ ಬರೆದೆ. ರಾಜ್ಯಪಾಲರನ್ನು ನೇಮಿಸುವವರು ಯಾರು? ಸರಿ ಉತ್ತರ ಬರೆಯುವುದು ಸುಲಭವಿತ್ತು. ಉಳಿದ ಮೂರು ತಪ್ಪು ಉತ್ತರಗಳನ್ನು, ಓದಿದವರೂ ಒಂದು ಕ್ಷಣ ತಡೆದು ನಿಲ್ಲುವಂತೆ ಬರೆಯಲು ಹತ್ತು ನಿಮಿಷ ಹಿಡಿಯಿತು. ಮುಖ್ಯಮಂತ್ರಿಯ ಅಧಿಕಾರ ಎಲ್ಲಿಗೆ ನಿಲ್ಲುತ್ತದೆ, ಪ್ರಧಾನಮಂತ್ರಿಯದು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಿಲ್ಲದೆ ಒಳ್ಳೆಯ ತಪ್ಪು ಉತ್ತರ ಬರೆಯಲಾಗುವುದಿಲ್ಲ. ಬಸ್ಸು ಹೋಗುವ ಹೊತ್ತಿಗೆ ಒಂಬತ್ತು ಪ್ರಶ್ನೆಗಳಾಗಿದ್ದವು. ಫೋಟೋ ತೆಗೆದು ನಸ್ರೀನಳಿಗೆ ಕಳಿಸಿದೆ.

ಮಧ್ಯಾಹ್ನ ಅವಳು ಉತ್ತರಗಳ ಜೊತೆಗೆ ತನ್ನವು ಹತ್ತು ಕಳಿಸಿದಳು. ಹತ್ತನೆಯದು, ಗುಂಡ್ಲುಪೇಟೆಯಲ್ಲಿ ಅತಿ ಹೆಚ್ಚು ಅಧಿಕಾರ ಇರುವವರು ಯಾರು? ಎ, ತಹಶೀಲ್ದಾರರು. ಬಿ, ಗೇಟಿನ ಫಾರೆಸ್ಟ್ ಗಾರ್ಡು. ಸಿ, ದಾಕ್ಷಿ ಅಕ್ಕನ ಅತ್ತೆ. ಡಿ, ಮೇಲಿನ ಯಾರೂ ಅಲ್ಲ. ಅತ್ತೆಗೆ ಓದಿ ಹೇಳಿದೆ. "ಆ ಸಾಬರುಡ್ಗಿ ಬತ್ತಾಳಲ್ಲ, ಬರ್ಲಿ" ಎಂದು ಮೊರ ಜೋರಾಗಿ ಬಡಿದರು. ಅವಳು ಬಂದಾಗ ಒಂದು ಒಬ್ಬಟ್ಟು ಜಾಸ್ತಿ ಹಾಕಿದರು.

ದಿನಕ್ಕೆ ಒಬ್ಬೊಬ್ಬರದು ಹತ್ತು ಹದಿನೈದಾಯಿತು, ಇಪ್ಪತ್ತೈದಾಯಿತು. ಇಪ್ಪತ್ತೈದಕ್ಕೆ ನಿಲ್ಲಿಸಿದೆವು. ಒಂದೇ ನಿಯಮ. ಸರಿ ಉತ್ತರ ಹೇಳಿದರೆ ಸಾಲದು, ಮಿಕ್ಕ ಮೂರು ಯಾಕಲ್ಲ ಎಂದೂ ಹೇಳಬೇಕು. ಹೇಳಲು ಬಾರದಿದ್ದರೆ ಉತ್ತರ ಗೊತ್ತಿಲ್ಲವೆಂದೇ ಲೆಕ್ಕ. ಆ ಲೆಕ್ಕದಲ್ಲಿ ನನ್ನ ಮೊದಲ ವಾರದ ಅಂಕ ನೂರಕ್ಕೆ ಮೂವತ್ತೊಂದು. ಅದನ್ನೂ ಕ್ಯಾಲೆಂಡರಿನಲ್ಲಿ ಬರೆದೆ. ಎಂಬತ್ತಮೂರರ ಕೆಳಗೆ ಮೂವತ್ತೊಂದು. ಅಡುಗೆ ಮಾಡುವಾಗೆಲ್ಲ ಎರಡೂ ಒಟ್ಟಿಗೆ ಕಾಣುತ್ತಿದ್ದವು. ಎರಡನೆಯದು ಚಿಕ್ಕದಾಗಿದ್ದರೂ ನನ್ನದು.

ಒಂದು ದಿನವೂ ತಪ್ಪಿಸಲಿಲ್ಲ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ಕ್ಯಾಲೆಂಡರ್ ತೆಗೆದು ನೋಡಿದರೆ ನಾಲ್ಕು ದಿನ ಖಾಲಿ ಇವೆ. ಎರಡು ದಿನ ಹಬ್ಬ. ಇನ್ನೆರಡು ದಿನ ಏನಾಗಿತ್ತೋ.

ಪರೀಕ್ಷೆಯ ದಿನದ ಬಗ್ಗೆ ಬರೆಯಲು ಹೆಚ್ಚಿಲ್ಲ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ನಾನು ಹನ್ನೊಂದು ಪ್ರಶ್ನೆಗಳನ್ನು ಮುಟ್ಟಲಿಲ್ಲ. ನಾಲ್ಕರಲ್ಲಿ ಒಂದು ಸರಿ ಎನ್ನಿಸುತ್ತಿತ್ತು, ಮಿಕ್ಕ ಮೂರು ಯಾಕಲ್ಲ ಎಂದು ಹೇಳಲು ಬರುತ್ತಿರಲಿಲ್ಲ. ಪಕ್ಕದ ಬೆಂಚಿನ ಹುಡುಗ ಕೊನೆಯ ಐದು ನಿಮಿಷ ಕಣ್ಣು ಮುಚ್ಚಿ ಉತ್ತರದ ಹಾಳೆಯ ವೃತ್ತಗಳನ್ನು ಸಾಲಾಗಿ ತುಂಬಿಸಿದ. ನನ್ನ ಕೈಯೂ ಎಳೆಯಿತು. ಪೆನ್ನಿಗೆ ಕ್ಯಾಪು ಹಾಕಿ, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತೆ. ಆ ಸುವರ್ಣಾವತಿಯ ಪ್ರಶ್ನೆ ಅಲ್ಲೂ ಬಂದಿತ್ತು ಎಂದು ಕೆಲವರಿಗೆ ಹೇಳಿದ್ದೇನೆ. ಬಂದಿರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿ ನಾನೇ ಸೇರಿಸಿದ್ದು.

ಪರೀಕ್ಷೆ ಮುಗಿದಮೇಲೂ ನಮ್ಮ ದಿನದ ಇಪ್ಪತ್ತೈದು ನಿಂತಿರಲಿಲ್ಲ. ಆಯ್ಕೆ ಪಟ್ಟಿ ಬಂದಾಗ ನನ್ನ ನಂಬರು ಕೊನೆಯ ಪುಟದಲ್ಲಿತ್ತು. ನಸ್ರೀನಳದು ಇರಲಿಲ್ಲ. ಮೂರು ಅಂಕಕ್ಕೆ ಹೋಗಿತ್ತು. ಫೋನ್ ಮಾಡಿದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು, "ನಿನ್ನ ಇಪ್ಪತ್ತೈದರಲ್ಲಿ ಆರನೇದು ತಪ್ಪು ಅಕ್ಕ, ಎರಡು ಸರಿ ಉತ್ತರ ಕೊಟ್ಟಿದ್ದೀಯ" ಅಂದಳು.

ದಾಖಲೆ ಪರಿಶೀಲನೆಗೆ ಚಾಮರಾಜನಗರಕ್ಕೆ ಕರೆದರು. ಅವಳೂ ಜೊತೆಗೆ ಬಂದಳು, ನಾನು ಬೇಡವೆಂದರೂ. ಮೇಜಿನ ಆಚೆ ಕೂತಿದ್ದವರು ನನ್ನ ಎಸ್‌ಎಸ್‌ಎಲ್‌ಸಿ ಕಾರ್ಡಿನ ಜನ್ಮದಿನಾಂಕದ ಮೇಲೆ ಬೆರಳಿಟ್ಟು, ಬಾಯಲ್ಲೇ ದಿನ ಎಣಿಸಿ, ಕನ್ನಡಕದ ಮೇಲಿಂದ ನೋಡಿದರು.

"ಹತ್ತೊಂಬತ್ತು ದಿನ! ಇಷ್ಟು ವರ್ಷ ಎಲ್ಲಿದ್ರಮ್ಮ?"

"ಗುಂಡ್ಲುಪೇಟೆ ತಾಲ್ಲೂಕಾಫೀಸ್ ಎದ್ರುಗೆ ಸಾರ್" ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಸೀಲು ಒತ್ತಿದರು.

ಹೊರಗೆ ನಸ್ರೀನ್ ಮರದ ಕೆಳಗೆ ಕಾಯುತ್ತಿದ್ದಳು. ನನ್ನ ಮುಖ ನೋಡಿ, ಆಯಿತು ಎಂದು ತಿಳಿದು, ತಬ್ಬಿಕೊಂಡಳು. ಬಸ್‌ಸ್ಟ್ಯಾಂಡಿನವರೆಗೆ ನಡೆದು ಹೋದೆವು. ಗುಂಡ್ಲುಪೇಟೆ ಬಸ್ಸಿನಲ್ಲಿ ಕೂತಮೇಲೆ ಅವಳು ಅಂದಳು.

"ಇವತ್ತು ನಿನ್ನ ಇಪ್ಪತ್ತೈದು ಬಂದಿಲ್ಲ."

"ವೆರಿಫಿಕೇಶನ್ ಇತ್ತಲ್ಲೇ."

"ನಿಂಗಿತ್ತು. ನಂಗಿರ್ಲಿಲ್ಲ." ಬ್ಯಾಗನ್ನು ತೊಡೆಯ ಮೇಲೆ ಸರಿ ಮಾಡಿಕೊಂಡಳು. "ನಂಗಿನ್ನೂ ಬೇಕಾದಷ್ಟು ವರ್ಷ ಇದೆ ಅಕ್ಕ, ಆದ್ರೆ ಅಷ್ಟೂ ಖರ್ಚು ಮಾಡೋ ಇಷ್ಟ ಇಲ್ಲ. ಬರೆಯೋದು ಬೇಡ, ಬಾಯಲ್ಲೇ ಕೇಳು."

ಬಸ್ಸು ಹೊರಟಿತು. ನಾನು ಶುರು ಮಾಡಿದೆ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಏನಿರುತ್ತದೆ? ಎ, ಬೆಳೆಯ ವಿವರ. ಬಿ, ಜಮೀನಿನ ಸ್ವಾಧೀನದಾರರ ಹೆಸರು. ಸೆರಗಿನಿಂದ ಕಣ್ಣೊತ್ತಿಕೊಂಡು, ಮೆಲ್ಲಗೆ ಸಿ ಹೇಳಿದೆ.

"ಅಳೋದಾದ್ರೆ ಮನೇಗೆ ಹೋಗಿ ಅಳು" ಅಂದಳು ನಸ್ರೀನ್, ಕಿಟಕಿಯ ಕಡೆ ನೋಡುತ್ತ. "ಸಿ ಕೇಳಿಸ್ಲಿಲ್ಲ ನಂಗೆ. ಇನ್ನೊಂದ್ಸಲ ಹೇಳು."

ಮೂಗು ಒರೆಸಿಕೊಂಡು, ಹಿಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.